ಅಬ್ಬಲಿಗೆಯ ಬಣ್ಣ ಹುಡುಕುತ್ತಾ

ಬೆಂಗಳೂರಿನ ನಮ್ಮ ತಾರಸಿಯಲ್ಲಿ ನಾನು ಮೊದಲು ನೆಟ್ಟ ಹೂಗಿಡ ಕನಕಾಂಬರ. ಹೊನ್ನಾವರದ ಕಡೆಯ ನಮ್ಮ ಮನೆಯಲ್ಲಿ ಅದಕ್ಕೆ ಅಬ್ಬಲಿಗೆ ಎನ್ನುತ್ತಿದ್ದರು. ನರ್ಸರಿಯಿಂದ ತಂದ ಆರು ಗಿಡಗಳೂ ಬೇಗನೆ ಹೂ ಬಿಟ್ಟವು. ಅಗಲವಾದ ಎಸಳು, ಕಡು ಕೇಸರಿ ಬಣ್ಣ. ನೋಡಿದವರೆಲ್ಲ ಮೆಚ್ಚಿದರು. ನನಗೆ ಮಾತ್ರ ಆ ಹೂವನ್ನು ನೋಡಿದಾಗ ಯಾರೂ ನೆನಪಾಗಲಿಲ್ಲ.

ನನಗೆ ಬೇಕಿದ್ದದ್ದು ಅಜ್ಜಿಯ ಅಂಗಳದ ಕೇಸರಿ. ಹಣ್ಣಡಿಕೆಯ ಸಿಪ್ಪೆಗಿಂತ ತುಸು ತಿಳಿಯಾದದ್ದು. ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಅಜ್ಜಿ ನೆನೆಸಿದ ಬಾಳೆನಾರು ಹಿಡಿದು ಕೂತರೆ, ನಾಲ್ಕು ನಾಲ್ಕು ಹೂ ಎಣಿಸಿ ಕೈಗೆ ಕೊಡುವುದು ನನ್ನ ಕೆಲಸ. ಪರಿಮಳವೇ ಇಲ್ಲದ ಹೂ ಅದು. ಮಲ್ಲಿಗೆಯಾಗಿದ್ದರೆ ಮೂಗು ನೆನಪಿಟ್ಟುಕೊಳ್ಳುತ್ತಿತ್ತು. ಅಬ್ಬಲಿಗೆಯನ್ನು ಕಣ್ಣೇ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಕೊರತೆಯೂ ಇತ್ತು. ಊರಿನಲ್ಲಿ ಹೂ ಮುಗಿದ ಒಣ ತೆನೆಗಳನ್ನು ನಾವು ಮಕ್ಕಳು ನೀರಿನ ತಂಬಿಗೆಗೆ ಹಾಕಿ ಕಾಯುತ್ತಿದ್ದೆವು. ಒಂದೆರಡು ಗಳಿಗೆ ಕಳೆದರೆ ಪಟಪಟ ಸಿಡಿದು ಬೀಜ ಮುಖಕ್ಕೆ ಹೊಡೆಯುತ್ತಿತ್ತು. ಒಂದೊಂದು ಕಾಯಿಯಲ್ಲೂ ನಾಲ್ಕು ಬೀಜ. ನನ್ನ ತಾರಸಿಯ ತೆನೆಗಳು ಎಷ್ಟು ನೆನೆದರೂ ಸಿಡಿಯಲಿಲ್ಲ. ನರ್ಸರಿಯ ಮಾಲಿಯನ್ನು ಕೇಳಿದಾಗ, "ಇದು ಡೆಲ್ಲಿ ಕನಕಾಂಬರ ಅಮ್ಮ, ಬೀಜ ಕಟ್ಟುವುದಿಲ್ಲ, ಕಡ್ಡಿಯನ್ನೇ ನೆಡಬೇಕು" ಎಂದರು. ಈ ತಳಿಯ ಜೀವಕೋಶಗಳಲ್ಲಿ ವಂಶಗುಣ ಹೊರುವ ವರ್ಣತಂತುಗಳು (ಕ್ರೋಮೋಸೋಮ್) ಎರಡರ ಬದಲು ಮೂರು ಪ್ರತಿ ಇರುತ್ತವೆ. ಬೀಜಕ್ಕಾಗಿ ಅವು ಸಮನಾಗಿ ಎರಡು ಪಾಲಾಗಲಾರವು. ಹಾಗಾಗಿ ಈ ಗಿಡ ಬಂಜೆ. ನನ್ನ ಕಣ್ಣಿಗೆ ಬೇರೆ ಎನಿಸಿದ ಬಣ್ಣ ನಿಜಕ್ಕೂ ಬೇರೆಯೇ ಆಗಿತ್ತು ಎಂದು ತಿಳಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಊರಿನಿಂದ ಅತ್ತಿಗೆ ಕಾಗದದ ಪೊಟ್ಟಣದಲ್ಲಿ ಒಣ ತೆನೆ ಕಳಿಸಿದರು. ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ ಬಿತ್ತಿದೆ. ಮೊಳಕೆಗೆ ಎರಡು ಮೂರು ವಾರ ಹಿಡಿಯಿತು. ಮೊದಲ ಸಲ ಪ್ರೀತಿ ಹೆಚ್ಚಾಗಿ ನೀರೂ ಹೆಚ್ಚಾಯಿತು, ಎದ್ದ ಸಸಿಗಳು ಬುಡ ಕೊಳೆತು ಬಾಡಿದವು. ಎರಡನೆಯ ಸಲ ಕುಂಡದ ತಳಕ್ಕೆ ಹಂಚಿನ ಚೂರು ಹಾಕಿ, ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಟ್ಟೆ. ಒಂಬತ್ತು ಗಿಡಗಳು ಉಳಿದವು.

ಹೂ ಬಂತು, ಆದರೂ ಅದಲ್ಲ! ಅದೇ ಅಂಗಳದ ಬೀಜ, ಆದರೂ ಹೂ ಬಿಳಿಚಿಕೊಂಡಂತೆ ಕಾಣುತ್ತಿತ್ತು. ನೆನಪೇ ಸುಳ್ಳು ಹೇಳುತ್ತಿದೆಯೇ ಎಂದು ಕೆಲವು ದಿನ ಮನಸ್ಸು ಕುಗ್ಗಿತ್ತು. ಒಂದು ಮೋಡದ ಬೆಳಗ್ಗೆ, ಸುಣ್ಣದ ಗೋಡೆಯಿಂದ ಈಚೆ ಸರಿಸಿಟ್ಟಿದ್ದ ಒಂದೇ ಒಂದು ಕುಂಡದಲ್ಲಿ, ಆ ಬಣ್ಣ ತಟ್ಟನೆ ಕಾಣಿಸಿತು. ನಿಂತಲ್ಲೇ ಕಣ್ಣು ತುಂಬಿತು.

ಊರಿನ ಗಿಡಗಳು ಇದ್ದದ್ದು ಬಚ್ಚಲುಮನೆಯ ಹಿಂದೆ, ಅಡಿಕೆ ಮರಗಳ ನೆರಳಿನಲ್ಲಿ. ಅವುಗಳ ಹಿಂದಿನ ಚಿರೆಕಲ್ಲಿನ ಗೋಡೆ ಪಾಚಿಗಟ್ಟಿ ಕಪ್ಪು ಹಸಿರಾಗಿತ್ತು. ನಾನು ನೆನಪಿಟ್ಟುಕೊಂಡದ್ದು ಹೂವಿನ ಬಣ್ಣವನ್ನಷ್ಟೇ ಅಲ್ಲ, ಆ ಗೋಡೆಯನ್ನೂ ಆ ನೆರಳನ್ನೂ ಸೇರಿಸಿ. ಇಲ್ಲಿ ಬಿಳಿ ಗೋಡೆಯ ಮುಂದೆ, ನಡುಹಗಲ ಬಿಸಿಲಿನಲ್ಲಿ, ಅದೇ ಹೂ ಸೊರಗುತ್ತಿತ್ತು.

ಕುಂಡಗಳನ್ನೆಲ್ಲ ಹನ್ನೊಂದರ ಮೇಲೆ ನೆರಳು ಬೀಳುವ ಮೂಲೆಗೆ ಸಾಗಿಸಿದೆ. ಅರೆನೆರಳು ಈ ಗಿಡಕ್ಕೆ ಒಗ್ಗುತ್ತದೆ. ಗೋಡೆಗೆ ಪಾಚಿಯ ಕಡು ಹಸಿರು ಬಳಿಸಿದೆ. ಮಂಕಾಗುತ್ತದೆ ಎಂದು ಬಣ್ಣ ಬಳಿಯುವವನು ಎರಡು ಸಲ ಎಚ್ಚರಿಸಿದ. ಪಕ್ಕದಲ್ಲಿ ನೀಲಿ ಶಂಖಪುಷ್ಪದ ಬಳ್ಳಿ ಹಬ್ಬಿಸಿದೆ. ಕೇಸರಿಯ ಬಳಿ ನೀಲಿ ಇದ್ದರೆ ಎರಡೂ ಗಾಢವಾಗುತ್ತವೆ.

ಮುಸ್ಸಂಜೆಗೆ ಅಲ್ಲಿ ಕೂತಾಗ ಇನ್ನೊಂದು ನೆನಪು ಮರಳಿತು. ದೀಪ ಹಚ್ಚುವ ಮೊದಲೇ ಅಜ್ಜಿ, "ಅಬ್ಬಲಿಗೆ ಕಪ್ಪಾಯಿತು, ಸಾಕು ಮಗಾ" ಎಂದು ದಂಡೆ ಮುಗಿಸುತ್ತಿದ್ದರು. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪಿನ ಕಡೆಯ ಬಣ್ಣಗಳು ಮೊದಲು ಕಪ್ಪಾಗುತ್ತವೆ, ನೀಲಿ ಮತ್ತು ಬಿಳಿ ಹೆಚ್ಚು ಹೊತ್ತು ಉಳಿಯುತ್ತವೆ. ನನ್ನ ತಾರಸಿಯಲ್ಲೂ ಹಾಗೆಯೇ ಆಗುತ್ತದೆ. ಬಳ್ಳಿಯ ಹೂ ಇನ್ನೂ ಕಾಣುತ್ತಿರುವಾಗಲೇ ಅಬ್ಬಲಿಗೆ ಆರಿಹೋಗುತ್ತದೆ.

ಮೊದಲು ತಂದ ಡೆಲ್ಲಿ ಗಿಡಗಳನ್ನು ಕೊಟ್ಟುಬಿಡಲು ಹೊರಟಿದ್ದೆ. ಮಗಳು ಬಿಡಲಿಲ್ಲ. ಅವಳು ಮೊದಲು ಕಂಡ ಕನಕಾಂಬರ ಅದೇ. ಈಗ ಕಡ್ಡಿ ನೆಡುವುದನ್ನು ಕಲಿತಿದ್ದಾಳೆ. ಎರಡು ಕುಂಡಗಳ ಮೇಲೆ ಸುಣ್ಣದಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾಳೆ.