ಟ್ರ್ಯಾಕ್ಟರಿಗೂ ಟಿಪ್ಪರಿಗೂ ಒಂದೇ ಟ್ರೇಲರ್ ದೀಪ

ಹಿರಿಯೂರಿನ ಸುತ್ತ ಬಂಡೆ ಕೊರೆಯುವ ಕೆಲಸಕ್ಕೆ ನಮ್ಮ ಕಂಪ್ರೆಸರ್ ಟ್ರೇಲರ್ ಓಡಾಡುತ್ತದೆ. ಹತ್ತಿರದ ಊರಾದರೆ ನಮ್ಮದೇ ಟ್ರ್ಯಾಕ್ಟರ್ ಎಳೆಯುತ್ತದೆ, ದೂರವಾದರೆ ಬಾಡಿಗೆ ಟಿಪ್ಪರ್. ಟ್ರ್ಯಾಕ್ಟರಿನದು 12 ವೋಲ್ಟ್, ಟಿಪ್ಪರಿನದು 24. ಮೊದಲ ಸಲ ಟಿಪ್ಪರಿಗೆ ಕಟ್ಟಿದ ಸಂಜೆ, ಚಾಲಕ ಲೈಟ್ ಹಾಕಿದ್ದೇ ತಡ, ಹಿಂದಿನ ಬಲ್ಬುಗಳು ಒಮ್ಮೆ ಬೆಳ್ಳಗೆ ಹೊಳೆದು ಆರಿಹೋದವು. ಬಿಚ್ಚಿ ನೋಡಿದರೆ ಗಾಜಿನೊಳಗೆ ಮಸಿ, ತಂತಿ ತುಂಡು. ದೀಪವಿಲ್ಲದ ಟ್ರೇಲರನ್ನು ರಾತ್ರಿ ಹೆದ್ದಾರಿಗೆ ಇಳಿಸಿದರೆ ಹಿಂದೆ ಬೈಕಿನಲ್ಲಿ ಬರುವವನ ಗತಿಯೇನು? ಅಂದು ಹೊರಡಲಿಲ್ಲ.

24 ವೋಲ್ಟಿನ ಬಲ್ಬು ಹಾಕಿದರೆ ಟ್ರ್ಯಾಕ್ಟರಿಗೆ ಕಟ್ಟಿದಾಗ ಬೀಡಿಯ ಕೆಂಡದಷ್ಟೇ ಬೆಳಕು. ಕಡೆಗೆ 10ರಿಂದ 30 ವೋಲ್ಟ್ ಎಂದು ಬರೆದಿದ್ದ ಎಲ್‌ಇಡಿ ದೀಪಗಳನ್ನು ತಂದೆ. ಬರಹವನ್ನು ನಂಬಿ ಕೂರಲಿಲ್ಲ. ಮೊದಲು ಒಂದು 12 ವೋಲ್ಟ್ ಬ್ಯಾಟರಿಗೆ, ಆಮೇಲೆ 24 ವೋಲ್ಟ್ ಸಿಗುವಂತೆ ಎರಡನ್ನು ಸರಣಿಯಲ್ಲಿ ಜೋಡಿಸಿ, ಮೀಟರ್ ಇಟ್ಟು ಆಂಪಿಯರ್ ನೋಡಿದೆ. ಒಳಗೆ ಸರಿಯಾದ ಡ್ರೈವರ್ (ಕರೆಂಟನ್ನು ಹದದಲ್ಲಿಡುವ ಸರ್ಕಿಟ್) ಇರುವ ದೀಪ 24ರಲ್ಲಿ ಹೆಚ್ಚುಕಡಿಮೆ ಅರ್ಧ ಕರೆಂಟ್ ಎಳೆಯುತ್ತದೆ, ಬೆಳಕು ಅಷ್ಟೇ ಇರುತ್ತದೆ. ಅಗ್ಗದ ಒಂದು ಜೋಡಿಯಲ್ಲಿ ಕರೆಂಟ್ ಇಳಿಯುವ ಬದಲು ಏರಿತು, ಹತ್ತೇ ನಿಮಿಷದಲ್ಲಿ ಕವಚ ಬಿಸಿಯಾಯಿತು. ಅದನ್ನು ಹಿಂದಿರುಗಿಸಿದೆ.

ನಿಜವಾದ ಪಾಠ ಕಲಿಸಿದ್ದು ಇಂಡಿಕೇಟರ್. ಟ್ರ್ಯಾಕ್ಟರಿನ ಮಡ್‌ಗಾರ್ಡ್ ದೀಪಗಳನ್ನೂ ಅದೇ ಹೊತ್ತಿಗೆ ಎಲ್‌ಇಡಿ ಮಾಡಿಸಿದ್ದೆ. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆ; ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲಾಷರಿಗೆ ಸಾಕಷ್ಟು ಲೋಡ್ ಸಿಗದೆ ದೀಪ ಮಿನುಗದೆ ಸುಮ್ಮನೆ ಉರಿಯಿತು. ಯಾರದೋ ಸಲಹೆಯಂತೆ, ಲೋಡ್ ಹೆಚ್ಚಿಸಲು 6 ಓಮ್, 50 ವಾಟ್‌ನ ರೆಸಿಸ್ಟರುಗಳನ್ನು ಟ್ರೇಲರಿನ ಜಂಕ್ಷನ್ ಡಬ್ಬಿಯಲ್ಲಿ ಕೂರಿಸಿದೆ. ಟ್ರ್ಯಾಕ್ಟರಿನಲ್ಲಿ ಚೆನ್ನಾಗಿಯೇ ನಡೆಯಿತು. ಮುಂದಿನ ವಾರ ಟಿಪ್ಪರ್ ದಾರಿಯಲ್ಲಿ ಪಂಕ್ಚರ್ ಆಗಿ, ನಾಲ್ಕೂ ಇಂಡಿಕೇಟರ್ ಹಾಕಿ ನಿಂತಿತ್ತು. "ಅಣ್ಣಾ, ಏನೋ ಸುಟ್ಟ ವಾಸನೆ" ಎಂದ ಚಾಲಕ. ಡಬ್ಬಿ ತೆರೆದರೆ ಪಕ್ಕದ ವೈರಿನ ಹೊದಿಕೆ ಕರಗಿ ರೆಸಿಸ್ಟರಿಗೆ ಅಂಟಿತ್ತು. ವೋಲ್ಟ್ ಎರಡು ಪಟ್ಟಾದರೆ ರೆಸಿಸ್ಟರಿನ ಶಾಖ ನಾಲ್ಕು ಪಟ್ಟು. 14 ವೋಲ್ಟಿನಲ್ಲಿ 33 ವಾಟ್ ಇದ್ದದ್ದು ಎಂಜಿನ್ ಓಡುವಾಗಿನ 28 ವೋಲ್ಟಿನಲ್ಲಿ 130 ವಾಟ್! ಮಿನುಗುವಾಗ ಅದರ ಅರ್ಧವೆಂದುಕೊಂಡರೂ 50 ವಾಟ್ ಮೀರುತ್ತದೆ. ಅಂದೇ ಕಿತ್ತು ಹಾಕಿ, ಟ್ರ್ಯಾಕ್ಟರಿಗೆ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸಿದೆ. ಒಂದೇ ವೋಲ್ಟಿಗೆ ಹೊಂದುವ ಯಾವ ಸಾಮಾನೂ ಈಗ ಟ್ರೇಲರಿನ ಮೇಲಿಲ್ಲ. ಅಂಥದ್ದು ಎಳೆಯುವ ವಾಹನದಲ್ಲೇ ಇರಬೇಕು.

ಏಳು ಪಿನ್ನಿನ ಪ್ಲಗ್ ನೋಡಲು ಒಂದೇ ಥರ. ಆದರೆ 12 ವೋಲ್ಟಿನದರಲ್ಲಿ ಅರ್ತ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) 3ನೇ ಪಿನ್, 24ರದರಲ್ಲಿ 1ನೇ ಪಿನ್. ಅದಕ್ಕೆ ಟ್ರೇಲರಿನಲ್ಲಿ ಒಂದೇ ಸಾಕೆಟ್ ಇಟ್ಟು, ಟ್ರ್ಯಾಕ್ಟರಿಗೊಂದು, ಟಿಪ್ಪರಿಗೊಂದು ಎಂದು ಎರಡು ಗಿಡ್ಡ ಕೇಬಲ್ ಮಾಡಿಸಿದೆ. ಪಿನ್ನಿನ ಸಂಖ್ಯೆ ಬಿಟ್ಟು, ಯಾವ ತಂತಿ ಯಾವ ದೀಪಕ್ಕೆ ಎಂದು ನೋಡಿಯೇ ಜೋಡಿಸಿದ್ದು. ಟಿಪ್ಪರಿನ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಅರ್ತ್‌ಗೆ ಕೊಂಡಿಯ ಕಬ್ಬಿಣವನ್ನು ನೆಚ್ಚಿಕೊಳ್ಳಲಿಲ್ಲ. ಗ್ರೀಸು, ತುಕ್ಕು ಸೇರಿದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗುತ್ತದೆ. 2.5 ಚದರ ಮಿಲಿಮೀಟರಿನ ಬೇರೆ ತಂತಿಯನ್ನೇ ದೀಪದವರೆಗೆ ಎಳೆದಿದ್ದೇನೆ.