ಯುಎಇಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಇಂಟರ್ನೆಟ್, ವಾಟ್ಸ್ಆ್ಯಪ್ ಮತ್ತು ಇಲ್ಲಿನ ಕಾನೂನು

ಇಲ್ಲಿಗೆ ಬಂದ ಮೊದಲ ರಾತ್ರಿ ನಮ್ಮಲ್ಲಿ ಬಹುಪಾಲು ಮಂದಿಗೆ ಆದದ್ದೇ ನಿಮಗೂ ಆಗುತ್ತದೆ. ಊರಿನಲ್ಲಿ ಅಮ್ಮ ಕಾಯುತ್ತಿರುತ್ತಾರೆ. ನೀವು ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಕರೆ ಮಾಡುತ್ತೀರಿ, ಅತ್ತ ರಿಂಗ್ ಆಗುತ್ತದೆ, ಅಮ್ಮ ಎತ್ತಿಯೂ ಬಿಡುತ್ತಾರೆ, ಆದರೆ ಮುಖವೂ ಕಾಣುವುದಿಲ್ಲ, ದನಿಯೂ ಕೇಳುವುದಿಲ್ಲ. ಫೋನ್ ಕೆಟ್ಟಿಲ್ಲ, ಸಿಮ್ ಕೂಡ ಸರಿಯಾಗಿಯೇ ಇದೆ. ಆ ಕರೆಗೆ ಈ ದೇಶದಲ್ಲಿ ಅನುಮತಿ ಇಲ್ಲ, ಅಷ್ಟೆ. 2015ರಲ್ಲಿ ಬಂದ ನನಗೆ ಇಷ್ಟು ಸರಳವಾದ ಮಾತನ್ನು ಯಾರೂ ಹೇಳಿರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಿರ್ಧರಿಸುವವರು ಯಾರು

ಯುಎಇಯಲ್ಲಿ ಇಂಟರ್ನೆಟ್ ಮತ್ತು ದೂರವಾಣಿಯ ನೀತಿಯನ್ನು ರೂಪಿಸಿ ಜಾರಿಗೆ ತರುವುದು ದೂರಸಂಪರ್ಕ ಮತ್ತು ಡಿಜಿಟಲ್ ಸರ್ಕಾರ ನಿಯಂತ್ರಣ ಪ್ರಾಧಿಕಾರ, ಅಂದರೆ ಟಿಡಿಆರ್‌ಎ. 2003ರ ಫೆಡರಲ್ ಕಾನೂನಿನಿಂದ ಹುಟ್ಟಿದ ಈ ಸಂಸ್ಥೆಗೆ ಬಹುಕಾಲ ಟಿಆರ್‌ಎ ಎಂಬ ಹೆಸರಿತ್ತು. ಡಿಜಿಟಲ್ ಸರ್ಕಾರದ ಹೊಣೆ ಸೇರಿದ ಮೇಲೆ ಹೆಸರು ಬದಲಾದರೂ ಹಳಬರ ಬಾಯಲ್ಲಿ ಇಂದಿಗೂ ಟಿಆರ್‌ಎ ಎಂದೇ ಬರುತ್ತದೆ. ಎತಿಸಲಾತ್ (ಈಗಿನ ಹೆಸರು ಇ&) ಮತ್ತು ಡು ಎಂಬ ಕಂಪನಿಗಳು ಪರವಾನಗಿ ಪಡೆದು ಕೆಲಸ ಮಾಡುವುದು, ಮನೆಯ ಇಂಟರ್ನೆಟ್‌ನಲ್ಲಿ ಯಾವ ಬಗೆಯ ಪುಟಗಳು ತೆರೆಯಬಾರದು ಎಂಬುದು, ಯಾವ ಆ್ಯಪ್‌ನಲ್ಲಿ ಕರೆ ಮಾಡಬಹುದು ಎಂಬುದು, ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ನೀವು ನಾಳೆ ಪ್ರತಿಯೊಂದು ಸರ್ಕಾರಿ ಕೆಲಸಕ್ಕೂ ಬಳಸಲಿರುವ ಯುಎಇ ಪಾಸ್ ಎಂಬ ಡಿಜಿಟಲ್ ಗುರುತಿನ ಆ್ಯಪ್ ಕೂಡ ಇದೇ ಸಂಸ್ಥೆಯ ಪಾಲುದಾರಿಕೆಯಲ್ಲಿ ಬಂದದ್ದು.

ಪ್ರಾಧಿಕಾರದ ಇಂಟರ್ನೆಟ್ ನೀತಿಯಲ್ಲಿ ನಿಷೇಧಿತ ವಿಷಯಗಳ ಪಟ್ಟಿಯೇ ಇದೆ: ಅಶ್ಲೀಲ ದೃಶ್ಯಗಳು, ಜೂಜು, ಮಾದಕ ವಸ್ತು, ಮೋಸದ ತಾಣಗಳು, ಧರ್ಮನಿಂದೆ, ದ್ವೇಷ, ಭಯೋತ್ಪಾದನೆ, ಮಾನಹಾನಿ, ಅನುಮತಿಯಿಲ್ಲದ ಕರೆ ಸೇವೆಗಳು, ಜೊತೆಗೆ ತಡೆಯನ್ನು ದಾಟಲು ನೆರವಾಗುವ ಸಾಧನಗಳು. ಇಂಥ ಪುಟವನ್ನು ತೆರೆಯಲು ಹೋದರೆ ಅದನ್ನು ತಡೆಯಲಾಗಿದೆ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಕೈತಪ್ಪಿ ಯಾವುದೋ ಲಿಂಕ್ ಒತ್ತಿ ಆ ಸೂಚನೆ ಕಂಡರೆ ಹೆದರದೆ ಪುಟ ಮುಚ್ಚಿ. ಮಕ್ಕಳ ಪಾಠಕ್ಕೋ ನಿಮ್ಮ ಉದ್ಯೋಗಕ್ಕೋ ಬೇಕಾದ ಪುಟವನ್ನು ತಪ್ಪಾಗಿ ತಡೆಯಲಾಗಿದೆ ಎನಿಸಿದರೆ, ನಿಮ್ಮ ಇಂಟರ್ನೆಟ್ ಕಂಪನಿಯ ಅರ್ಜಿಯ ಮೂಲಕ ತಡೆ ತೆಗೆಯುವಂತೆ ಕೋರಬಹುದು.

ಇಲ್ಲಿ ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ಪುಟವನ್ನು ತಡೆಯುವುದು ಪ್ರಾಧಿಕಾರದ ನೀತಿ. ಆದರೆ ನೀವು ಬರೆದದ್ದು, ಹಂಚಿದ್ದು, ತೆಗೆದ ಫೋಟೋ ಇವೆಲ್ಲ 2021ರ 34ನೇ ಸಂಖ್ಯೆಯ ಫೆಡರಲ್ ಕಾನೂನಿನ, ಅಂದರೆ ವದಂತಿ ಮತ್ತು ಸೈಬರ್ ಅಪರಾಧ ತಡೆ ಕಾನೂನಿನ ಅಡಿಯಲ್ಲಿ ಬರುತ್ತವೆ, ಮತ್ತು ಅದನ್ನು ನೋಡುವುದು ಪೊಲೀಸರು ಹಾಗೂ ಪ್ರಾಸಿಕ್ಯೂಷನ್. ಈ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ತೆರೆಯುವ ಪುಟವೆಲ್ಲ ಸುರಕ್ಷಿತ, ಹೋಗುವ ಮೆಸೇಜೆಲ್ಲ ಸಮ್ಮತ ಎಂದು ಭಾವಿಸುವುದೇ ಹೊಸಬರ ದೊಡ್ಡ ತಪ್ಪು. ವಾಟ್ಸ್ಆ್ಯಪ್ ಮೆಸೇಜನ್ನು ಯಾರೂ ತಡೆಯುವುದಿಲ್ಲ, ಅದು ಸಲೀಸಾಗಿ ಹೋಗುತ್ತದೆ. ಹೋದ ಮೇಲೆ ಅದರ ಹೊಣೆ ಮಾತ್ರ ನಿಮ್ಮದೇ.

ಊರಿಗೆ ಕರೆ

ವಾಟ್ಸ್ಆ್ಯಪ್‌ನಲ್ಲಿ ಬರಹ, ಫೋಟೋ, ದನಿ ಸಂದೇಶ ಎಲ್ಲವೂ ನಡೆಯುತ್ತವೆ, ಕರೆ ಮಾತ್ರ ನಡೆಯುವುದಿಲ್ಲ. ಇಲ್ಲಿ ಅನುಮತಿ ಇರುವ ಆ್ಯಪ್‌ಗಳ ಪೈಕಿ ಕುಟುಂಬಗಳು ಹೆಚ್ಚು ಬಳಸುವುದು ಬೋಟಿಮ್. ಟೀಮ್ಸ್, ಜೂಮ್, ಗೂಗಲ್ ಮೀಟ್ ಕೂಡ ನಡೆಯುತ್ತವೆ. ಹೊರಡುವ ಮುನ್ನವೇ ಅಪ್ಪ ಅಮ್ಮನ ಫೋನಿನಲ್ಲಿ ಇವುಗಳಲ್ಲಿ ಒಂದನ್ನು ಹಾಕಿಸಿ, ಎರಡು ಸಲ ಕರೆ ಮಾಡಿ ಅಭ್ಯಾಸ ಮಾಡಿಸಿ. ಬಂದ ಮೇಲೆ ದೂರದಿಂದ ಹಿರಿಯರಿಗೆ ಇದನ್ನು ಹೇಳಿಕೊಡುವುದು ಎಷ್ಟು ಕಷ್ಟ ಎಂಬುದನ್ನು ನಾವು ಅನುಭವಿಸಿದ್ದೇವೆ.

ವಿಪಿಎನ್

ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಡೆಯ ಕಂಪ್ಯೂಟರ್ ಮೂಲಕ ಹಾಯಿಸಿ, ನೀವಿರುವ ಜಾಗವನ್ನು ಮರೆಮಾಡುವ ಸಾಧನ. ಬಂದ ವಾರದಲ್ಲೇ ಯಾರಾದರೂ ಒಬ್ಬರು, ಹೆಚ್ಚಾಗಿ ನಮ್ಮವರೇ, 'ಒಂದು ವಿಪಿಎನ್ ಹಾಕಿಕೊಳ್ಳಿ, ಎಲ್ಲರೂ ಬಳಸುತ್ತಾರೆ, ಏನೂ ಆಗುವುದಿಲ್ಲ' ಎಂದು ಹೇಳಿಯೇ ಹೇಳುತ್ತಾರೆ. ನನಗೂ ಹೇಳಿದ್ದರು, ನಾನೂ ಹಾಕಿಕೊಂಡಿದ್ದೆ. ಕಂಪನಿಗಳು, ಬ್ಯಾಂಕುಗಳು ತಮ್ಮ ಒಳಜಾಲಕ್ಕಾಗಿ ವಿಪಿಎನ್ ಬಳಸುವುದಕ್ಕೆ ಇಲ್ಲಿ ಅಡ್ಡಿಯಿಲ್ಲ. ಅಪರಾಧ ಮಾಡುವುದಕ್ಕಾಗಲಿ ಅದು ಪತ್ತೆಯಾಗದಂತೆ ಮುಚ್ಚುವುದಕ್ಕಾಗಲಿ ಬೇರೆ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಬಳಸಿದರೆ ಮಾತ್ರ ಸೆರೆವಾಸ ಅಥವಾ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕನಿಷ್ಠ ದಂಡವೇ ನಮ್ಮ ರೂಪಾಯಿಯಲ್ಲಿ ಒಂದು ಕೋಟಿಯನ್ನು ಮೀರುತ್ತದೆ. ತಡೆದ ಕರೆಗೋ ತಡೆದ ಪುಟಕ್ಕೋ ವಿಪಿಎನ್ ಬಳಸಿ, ಅದು ಅಪರಾಧದ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾದಿಸಿ ಗೆಲ್ಲುವ ಧೈರ್ಯ ನಿಮಗಿದ್ದರೆ ಅದು ನಿಮಗೆ ಬಿಟ್ಟದ್ದು. ಇಲ್ಲಿನ ನಮ್ಮ ಕನ್ನಡ ಸಂಘದ ಸಲಹೆ ಒಂದೇ: ಕಚೇರಿಯವರು ಕೊಟ್ಟದ್ದನ್ನು ಕಚೇರಿಯ ಕೆಲಸಕ್ಕಷ್ಟೇ ಬಳಸಿ, ಉಳಿದದ್ದನ್ನು ಫೋನಿನಿಂದ ತೆಗೆದುಹಾಕಿ. ಮಕ್ಕಳ ಫೋನನ್ನೂ ನೋಡಿ, ಆಟಕ್ಕೆಂದು ಅವರು ಹಾಕಿಕೊಂಡಿರುವುದು ನಿಮಗೆ ತಿಳಿದೇ ಇರುವುದಿಲ್ಲ.

ಗ್ರೂಪುಗಳು ಮತ್ತು ಫಾರ್ವರ್ಡ್

ಊರಿನಲ್ಲಿ ನಮಗೆಲ್ಲ ಒಂದು ಅಭ್ಯಾಸವಿದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಶಾಲೆಯ ಗೆಳೆಯರ ಗ್ರೂಪು, ನೆಂಟರ ಗ್ರೂಪು, ಬೀದಿಯ ಗ್ರೂಪು, ಪಕ್ಷದ ಗ್ರೂಪು ಎಂದು ಒಂದರಿಂದ ಇನ್ನೊಂದಕ್ಕೆ ಬಂದದ್ದನ್ನೆಲ್ಲ ದಾಟಿಸುತ್ತೇವೆ, ಓದದೆಯೂ ದಾಟಿಸುತ್ತೇವೆ. ಚುನಾವಣೆ ಬಂದರಂತೂ ಹೇಳುವುದೇ ಬೇಡ. ಈ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಬನ್ನಿ ಎಂದು ಸಂಘ ಕೈಮುಗಿದು ಕೇಳಿಕೊಳ್ಳುತ್ತದೆ. ಬೇರೆ ಧರ್ಮವನ್ನು, ಜನಾಂಗವನ್ನು, ದೇಶವನ್ನು ಹೀಯಾಳಿಸುವ ಸಾಲನ್ನು ನೀವು ಬರೆದಿರದೆ ಬರೀ ದಾಟಿಸಿದ್ದರೂ ಇಲ್ಲಿ ಅದು ಹುಡುಗಾಟವಲ್ಲ. ದ್ವೇಷ ಮತ್ತು ತಾರತಮ್ಯದ ವಿರುದ್ಧ 2015ರಿಂದಲೇ ಪ್ರತ್ಯೇಕ ಕಾನೂನಿದೆ, 2023ರಲ್ಲಿ ಅದನ್ನು ಹೊಸದಾಗಿ ರೂಪಿಸಲಾಗಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹೊತ್ತಿನ ದ್ವೇಷದ ಬರಹಗಳಿಂದ ಇಲ್ಲಿ ಕೆಲವು ಭಾರತೀಯರು ಕೆಲಸ ಕಳೆದುಕೊಂಡರು. ತಾರತಮ್ಯ ಮಾಡದಿರುವುದು ಎರಡೂ ದೇಶಗಳು ಒಪ್ಪಿದ ಮೌಲ್ಯ, ಇಲ್ಲಿರುವ ಭಾರತೀಯರು ಅದನ್ನು ಸದಾ ನೆನಪಿಡಬೇಕು ಎಂದು ಆಗಿನ ರಾಯಭಾರಿ ಪವನ್ ಕಪೂರ್ ಅವರು ಬಹಿರಂಗವಾಗಿ ಹೇಳಬೇಕಾಯಿತು. ಕನ್ನಡಿಗರು ದಶಕಗಳಿಂದ ಇಲ್ಲಿ ದುಡಿದು ಗಳಿಸಿದ ಒಳ್ಳೆಯ ಹೆಸರಿದೆ. ಯಾರೋ ಕಳಿಸಿದ ನಾಲ್ಕು ಸಾಲಿಗಾಗಿ ಅದನ್ನು ಕೆಡಿಸಬೇಡಿ.

ಬೈಗುಳದ ವಿಷಯವೂ ಹೀಗೆಯೇ. ಕಟ್ಟಡದ ಗ್ರೂಪಿನಲ್ಲಿ ಪಾರ್ಕಿಂಗ್ ಜಗಳ ಬಂದಾಗ ಸಿಟ್ಟಿನಲ್ಲಿ ಹಾಕಿದ ಒಂದು ಪದಕ್ಕೂ ದೂರು ಕೊಡಬಹುದು. ಆನ್‌ಲೈನ್ ನಿಂದನೆಗೆ ಸೆರೆವಾಸ ಅಥವಾ 2.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ ಎಂದು ಕಾನೂನು ಹೇಳುತ್ತದೆ. 'ಕನ್ನಡದಲ್ಲಿ ಬೈದರೆ ಯಾರಿಗೆ ತಿಳಿಯುತ್ತದೆ' ಎನ್ನುವವರಿದ್ದಾರೆ. ದೂರು ಕೊಡುವವರೂ ಕನ್ನಡಿಗರೇ ಆಗಿರಬಹುದು, ಮತ್ತು ನ್ಯಾಯಾಲಯಕ್ಕೆ ಅನುವಾದಕರು ಸಿಗುತ್ತಾರೆ.

ವದಂತಿಗೆ ಕನಿಷ್ಠ ಒಂದು ವರ್ಷ ಸೆರೆ ಮತ್ತು 1 ಲಕ್ಷ ದಿರ್ಹಮ್ ದಂಡ. ಸಾಂಕ್ರಾಮಿಕ ರೋಗ ಅಥವಾ ವಿಪತ್ತಿನ ಸಮಯದಲ್ಲಿ ಹಬ್ಬಿಸಿದರೆ ಅದು ಎರಡು ವರ್ಷ ಮತ್ತು 2 ಲಕ್ಷಕ್ಕೆ ಏರುತ್ತದೆ. 2024ರ ಏಪ್ರಿಲ್ 16ರಂದು, ದಾಖಲೆ ಇಡಲು ಆರಂಭಿಸಿದ 1949ರಿಂದ ಕಾಣದಂಥ ಮಳೆ ಸುರಿದ ದಿನ, ನಮ್ಮ ಗ್ರೂಪಿಗೂ ಎಲ್ಲಿಯದೋ ಯಾವಾಗಿನದೋ ವಿಡಿಯೋಗಳು ಬಂದವು. ಅಡ್ಮಿನ್ ಆಗಿದ್ದವರು ರಾತ್ರಿಯೆಲ್ಲ ಕುಳಿತು ಅವನ್ನು ಅಳಿಸಿದರು. ನೀವು ಅಡ್ಮಿನ್ ಆಗಿದ್ದರೆ ಗ್ರೂಪನ್ನು ದಿನವೂ ನೋಡುವ ವ್ಯವಧಾನ ನಿಮಗಿರಬೇಕು, ಇಲ್ಲದಿದ್ದರೆ ಆ ಜಾಗವನ್ನು ಬಿಟ್ಟುಕೊಡಿ.

ಸಹಾಯಕ್ಕೆಂದು ಹಣ ಎತ್ತುವುದು

ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ. 2016ರಲ್ಲಿ ನಮ್ಮ ಕಡೆಯ ಕಾರ್ಮಿಕರೊಬ್ಬರು ಆಸ್ಪತ್ರೆ ಸೇರಿದರು, ಬಿಲ್ಲು ಏರುತ್ತಿತ್ತು, ಊರಿನಲ್ಲಿ ಅವರ ಹೆಂಡತಿ ಅಳುತ್ತಿದ್ದರು. ನಾನು ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಹಾಕಿ, ಅವರ ಹಾಸಿಗೆಯ ಫೋಟೋ ಹಾಕಿ, ಐದಾರು ಗ್ರೂಪುಗಳಿಗೆ ಮನವಿ ಕಳಿಸಿದೆ. ಎರಡೇ ದಿನದಲ್ಲಿ ಹಣ ಬಂತು. ಮೂರನೆಯ ದಿನ ನನ್ನ ಕಂಪನಿಯ ಆಡಳಿತ ವಿಭಾಗ ನನ್ನನ್ನು ಕರೆಸಿ, ಆ ಮನವಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಇದಕ್ಕೆ ಯಾರ ಅನುಮತಿ ಇದೆ ಎಂದು ಕೇಳಿತು. ನಾನು ಮಾಡಿದ್ದು ಒಳ್ಳೆಯ ಕೆಲಸ ಎಂದಷ್ಟೇ ಹೇಳಲು ನನಗೆ ಗೊತ್ತಿತ್ತು. ಬಂದ ಪ್ರತಿಯೊಂದು ದಿರ್ಹಮನ್ನು ಕೊಟ್ಟವರಿಗೇ ಹಿಂದಿರುಗಿಸಿದೆ, ಹಿರಿಯರೊಬ್ಬರು ಜೊತೆಗೆ ನಿಂತರು, ವಿಷಯ ಅಲ್ಲಿಗೆ ನಿಂತಿತು. ಎರಡು ತಿಂಗಳು ನಿದ್ದೆ ಬರಲಿಲ್ಲ. ಎಲ್ಲಕ್ಕಿಂತ ನೋವಾದದ್ದು, ಆ ಮನುಷ್ಯರಿಗೆ ಸಿಗಬೇಕಾಗಿದ್ದ ನೆರವನ್ನು ನನ್ನ ಅವಸರವೇ ತಡಮಾಡಿತಲ್ಲ ಎಂಬುದು.

ಪರವಾನಗಿ ಇಲ್ಲದೆ ಆನ್‌ಲೈನ್‌ನಲ್ಲಿ ಹಣಕ್ಕೆ ಮನವಿ ಮಾಡುವುದು ಇಲ್ಲಿ ಅಪರಾಧ. ದೇವಸ್ಥಾನದ ಜೀರ್ಣೋದ್ಧಾರ, ಊರಿನ ನೆರೆ ಪರಿಹಾರ, ಗೆಳೆಯನ ಮಗುವಿನ ಶಸ್ತ್ರಚಿಕಿತ್ಸೆ, ಕಾರಣ ಯಾವುದಾದರೂ ಆಗಲಿ, ಮನವಿ ಹಾಕಬೇಡಿ, ಬಂದದ್ದನ್ನು ದಾಟಿಸಲೂ ಬೇಡಿ. ಅದರ ಬದಲಿಗೆ ಎಮಿರೇಟ್ಸ್ ರೆಡ್ ಕ್ರೆಸೆಂಟ್‌ನಂಥ ಪರವಾನಗಿ ಹೊಂದಿದ ಸಂಸ್ಥೆಗೆ ಅರ್ಜಿ ಕೊಡಿಸಿ. ಸಂಕಟದಲ್ಲಿರುವ ಭಾರತೀಯರಿಗಾಗಿ ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್‌ನಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 80046342. ದಯವಿಟ್ಟು ಮೊದಲು ಅಲ್ಲಿಗೆ ಕರೆ ಮಾಡಿ, ನಂತರ ನಮಗೆ ತಿಳಿಸಿ. ಅರ್ಜಿ ತುಂಬಲು ಸಂಘದವರು ಜೊತೆಗೆ ಬರುತ್ತಾರೆ.

ಫೋಟೋ

ಒಪ್ಪಿಗೆ ಇಲ್ಲದೆ ಇತರರ ಫೋಟೋ ತೆಗೆಯುವುದು, ಹಂಚುವುದು ಖಾಸಗಿತನದ ಉಲ್ಲಂಘನೆ. ಕನಿಷ್ಠ ಆರು ತಿಂಗಳ ಸೆರೆ ಅಥವಾ 1.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ ಆಗಬಹುದು. ಅಪಘಾತದ ಸ್ಥಳದಲ್ಲಿ ಫೋನ್ ಎತ್ತಲೇಬೇಡಿ. ರಾಜ್ಯೋತ್ಸವದಲ್ಲಿ ಕುಣಿದ ಬೇರೆಯವರ ಮಕ್ಕಳ ವಿಡಿಯೋವನ್ನೂ ತಂದೆತಾಯಿಯರನ್ನು ಕೇಳಿಯೇ ಹಾಕಿ.

ಸಿಮ್ ಮತ್ತು ಖಾತೆ

- ಸಿಮ್ ನಿಮ್ಮದೇ ಎಮಿರೇಟ್ಸ್ ಐಡಿಯಲ್ಲಿರಲಿ (ಇಲ್ಲಿನ ನಿವಾಸಿಗಳ ಗುರುತಿನ ಚೀಟಿ).
- ನಿಮ್ಮ ಹೆಸರಿನ ಸಿಮ್ಮನ್ನು ರೂಮಿನವರಿಗೆ ಕೊಡಬೇಡಿ.
- ಊರಿಗೆ ಮರಳುವಾಗ ಸಂಪರ್ಕವನ್ನು ರದ್ದುಗೊಳಿಸಿ.
- ಯುಎಇ ಪಾಸ್‌ನಲ್ಲಿ ನೀವು ಕೇಳದ ಕೋರಿಕೆ ಬಂದರೆ ಒಪ್ಪಬೇಡಿ.
- ಒಟಿಪಿಯನ್ನು ಯಾರಿಗೂ ಹೇಳಬೇಡಿ, ಪೊಲೀಸರು ಎಂದು ಹೇಳಿಕೊಂಡವರಿಗೂ.

ದೂರು

ಬಿಲ್ಲಿನ ತಕರಾರಿಗೆ ಎತಿಸಲಾತ್‌ನವರಾದರೆ 101, ಡು ಆದರೆ 155ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಆ ಸಂಖ್ಯೆಯೊಂದಿಗೆ ಟಿಡಿಆರ್‌ಎಗೆ ದೂರು ಕೊಡಬಹುದು. ಮೊದಲ ಹಂತವನ್ನು ದಾಟದೆ ನೇರವಾಗಿ ಪ್ರಾಧಿಕಾರಕ್ಕೆ ಹೋಗಬೇಡಿ. ಯಾರಾದರೂ ಆನ್‌ಲೈನ್‌ನಲ್ಲಿ ಬೆದರಿಸಿದರೆ, ಹಣ ದೋಚಿದರೆ ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ದುಬೈನಲ್ಲಿರುವವರು ದುಬೈ ಪೊಲೀಸರ ಇ-ಕ್ರೈಮ್ ಸೇವೆಯಲ್ಲಿ ದಾಖಲಿಸಿ ಅಥವಾ 901ಕ್ಕೆ ಕರೆ ಮಾಡಿ. ಅಬುಧಾಬಿಯಲ್ಲಿರುವವರಿಗೆ ಪೊಲೀಸರ ಅಮಾನ್ ಸೇವೆ 8002626ರಲ್ಲಿ ಸಿಗುತ್ತದೆ. ನಿಮ್ಮನ್ನೇ ಠಾಣೆಗೆ ಕರೆದರೆ ತಪ್ಪಿಸಿಕೊಳ್ಳದೆ ಹೋಗಿ, ಅರೇಬಿಕ್‌ನಲ್ಲಿರುವ ಕಾಗದಕ್ಕೆ ಅನುವಾದ ಕೇಳಿ ತಿಳಿದ ಮೇಲೆಯೇ ಸಹಿ ಹಾಕಿ, ಹೊರಡುವ ಮೊದಲು ಸಂಘದ ಯಾರಿಗಾದರೂ ಒಬ್ಬರಿಗೆ ಹೇಳಿ ಹೋಗಿ.