ಲ್ಯಾಪ್‌ಟಾಪಿನಲ್ಲೇ ಪ್ಲಾಸ್ಮಾ ಸುಳಿ ಎಬ್ಬಿಸುವುದು ಹೇಗೆ?

ಪ್ಲಾಸ್ಮಾ ಎಂದರೆ ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲ. ಭೂಮಿಯ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶ) ಬಾಲದಲ್ಲಿ ಜಿಯೋಟೇಲ್ ಎಂಬ ಬಾಹ್ಯಾಕಾಶ ನೌಕೆ ಹಿಡಿದ ಒಂಟಿ ವಿದ್ಯುತ್ ಅಲೆಗಳಿಗೆ ಎಲೆಕ್ಟ್ರಾನ್ ಹೊನಲುಗಳ ಅಸ್ಥಿರತೆ ಕಾರಣವಾಗಬಲ್ಲದೆಂದು 1994ರಲ್ಲಿ ಸಿಮ್ಯುಲೇಷನ್ ತೋರಿಸಿತು. ಅದರ ಸರಳ ರೂಪ, ಎದುರುಬದುರಾಗಿ ಹರಿಯುವ ಎರಡು ಎಲೆಕ್ಟ್ರಾನ್ ಹೊನಲುಗಳದ್ದು, ಬೆಳಗಾವಿ, ವಿಜಯಪುರದ ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೇಳಿಮಾಡಿಸಿದ್ದು.

ಪೈಥಾನ್ ಭಾಷೆ, ಅದರ ಲೆಕ್ಕದ ಲೈಬ್ರರಿ ನಂಪೈ ಹಾಕಿಕೊಳ್ಳಿ, ಎರಡೂ ಪುಕ್ಕಟೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಸುತ್ತುವ ಕದ್ದ ಮ್ಯಾಟ್‌ಲ್ಯಾಬ್ ಮಾತ್ರ ಬೇಡ.

ಪ್ಲಾಸ್ಮಾ ಆವರ್ತನ (ಎಲೆಕ್ಟ್ರಾನ್‌ಗಳು ತಾವಾಗಿ ತೊನೆಯುವ ಗತಿ, ಎರಡೂ ಹೊನಲು ಸೇರಿ) 1, ಹೊನಲುಗಳ ವೇಗ ಬಲಕ್ಕೆ 1, ಎಡಕ್ಕೆ 1 ಎಂದಿಟ್ಟುಕೊಳ್ಳಿ. ಪೆಟ್ಟಿಗೆಯ ಉದ್ದ 10.26. ಅತಿ ಬೇಗ ಬೆಳೆಯುವ ಅಲೆ ಇದರಲ್ಲಿ ಸರಿಯಾಗಿ ಒಂದು ಹಿಡಿಸುತ್ತದೆ. 6.28ಕ್ಕಿಂತ ಚಿಕ್ಕ ಪೆಟ್ಟಿಗೆಯಲ್ಲಿ ಏನೂ ಬೆಳೆಯದು. ಪೆಟ್ಟಿಗೆಯನ್ನು ಹೋಳು ಮಾಡಿದ ಮನೆಗಳು 128, ಕಣಗಳು 25,600, ಕಾಲದ ಹೆಜ್ಜೆ 0.1, ಉಷ್ಣವೇಗ 0.05. ಅಯಾನುಗಳು ಅಲುಗದ ಹಿನ್ನೆಲೆ. ಮನೆಯ ಅಗಲ ಡೀಬೈ ಉದ್ದದ (ಉಷ್ಣವೇಗವನ್ನು ಪ್ಲಾಸ್ಮಾ ಆವರ್ತನದಿಂದ ಭಾಗಿಸಿದ್ದು, ಇಲ್ಲಿ 0.05) ಮೂರು ಪಟ್ಟು ಮೀರಿದರೆ ಪ್ಲಾಸ್ಮಾ ತಾನಾಗಿಯೇ ಬಿಸಿಯೇರತೊಡಗುತ್ತದೆ. ಅದು ಲೆಕ್ಕದ ದೋಷ, ಭೌತಶಾಸ್ತ್ರವಲ್ಲ.

ಕಣಗಳನ್ನು ರ‍್ಯಾಂಡಮ್ ಆಗಿ ಎರಚಬೇಡಿ. 25,600 ಕಣ ಎರಚಿದರೆ ಸಾಂದ್ರತೆಯಲ್ಲಿ ಸುಮಾರು ಶೇ 0.6ರ ಗದ್ದಲ ಮೊದಲೇ ಇರುತ್ತದೆ, ಅಲೆ ಬೆಳೆದದ್ದೆಲ್ಲಿ ಎಂದೇ ತಿಳಿಯದು. ಪ್ರತಿ ಹೊನಲನ್ನೂ ಸಮ ಅಂತರದಲ್ಲಿ ಜೋಡಿಸಿ, ಸ್ಥಾನಕ್ಕೆ ಸೈನ್ ಅಲೆಯ ಆಕಾರದಲ್ಲಿ 0.001ರ ಅಲುಗಾಟ ಕೊಡಿ.

ಹೆಚ್ಚಿನವರು ಎಡವುವುದು ಮುಂದೆ, ಮನೆಗಳಿಗೆ ಚಾರ್ಜ್ ಹಂಚುವಲ್ಲಿ. ಕಣದ ಚಾರ್ಜನ್ನು ಅಕ್ಕಪಕ್ಕದ ಎರಡು ಬಿಂದುಗಳಿಗೆ ದೂರಕ್ಕೆ ತಕ್ಕಂತೆ ಹಂಚಬೇಕು. ಇದನ್ನು ನಂಪೈನಲ್ಲಿ ಸೂಚ್ಯಂಕ ಕೊಟ್ಟು 'ಪ್ಲಸ್-ಈಕ್ವಲ್' ಎಂದು ಬರೆದರೆ, ಒಂದೇ ಮನೆಯಲ್ಲಿ ನೂರಾರು ಕಣಗಳಿದ್ದರೂ ಒಂದೇ ಕಣ ಲೆಕ್ಕಕ್ಕೆ ಸಿಗುತ್ತದೆ. ಎರರ್ ಬರುವುದಿಲ್ಲ, ಗ್ರಾಫ್ ಮಾತ್ರ ಸತ್ತಂತೆ ಮಲಗಿರುತ್ತದೆ. ನಂಪೈನದೇ 'ಬಿನ್‌ಕೌಂಟ್' ಬಳಸಿ, ಅದು ಪ್ರತಿ ಕಣವನ್ನೂ ಕೂಡುತ್ತದೆ, ಅದೇ ವೇಗ. ಎಲ್ಲ ಬಿಂದುಗಳ ಎಲೆಕ್ಟ್ರಾನ್ ಚಾರ್ಜ್ ಸಾಂದ್ರತೆ ಕೂಡಿ ಮನೆಯ ಅಗಲದಿಂದ ಗುಣಿಸಿ: −10.26 ಬರಲೇಬೇಕು. ಬಾರದಿದ್ದರೆ ಮುಂದೆ ಹೋಗಬೇಡಿ. ಕ್ಷೇತ್ರವನ್ನು ಕಣಕ್ಕೆ ತಲುಪಿಸುವಾಗಲೂ ಅದೇ ತೂಕ ಹಾಕಿ, ಇಲ್ಲವಾದರೆ ಕಣ ತನ್ನನ್ನು ತಾನೇ ತಳ್ಳಿಕೊಳ್ಳುತ್ತದೆ.

ಚಾರ್ಜಿನಿಂದ ವಿದ್ಯುತ್ ಕ್ಷೇತ್ರ ಕೊಡುವ ಪಾಯ್ಸಾನ್ ಸಮೀಕರಣಕ್ಕೆ ಎಫ್‌ಎಫ್‌ಟಿ (ಸಾಂದ್ರತೆಯನ್ನು ಅಲೆಗಳಾಗಿ ಬಿಡಿಸುವ ಲೆಕ್ಕ) ಸಾಕು. ಅದರ ಸೊನ್ನೆಯ ಪದವನ್ನು, ಅಂದರೆ ಸರಾಸರಿಯನ್ನು, ಸೊನ್ನೆಯೇ ಮಾಡಿ. ಶುರುವಿನಲ್ಲಿ ವೇಗವನ್ನು ಅರ್ಧ ಹೆಜ್ಜೆ ಹಿಂದಕ್ಕೆ ಸರಿಸಿ, 500 ಹೆಜ್ಜೆ ಓಡಿಸಿ.

ಕ್ಷೇತ್ರ ಶಕ್ತಿಯ ಸ್ವಾಭಾವಿಕ ಲಾಗರಿದಮ್ ನೇರವಾಗಿ ಏರುವ ಭಾಗದಲ್ಲಿ ಇಳಿಜಾರು 0.7ರ ಆಸುಪಾಸು ಬರಬೇಕು. ಅಲೆಯ ಬೆಳವಣಿಗೆ ದರ 0.354, ಶಕ್ತಿ ಕ್ಷೇತ್ರದ ವರ್ಗವಾದ್ದರಿಂದ ಎರಡು ಪಟ್ಟು. 0.3 ಬಂದರೆ ಹತ್ತರ ಲಾಗ್ ಹಾಕಿದ್ದೀರಿ. ಕಾಲ 20 ದಾಟಿದ ಮೇಲೆ ಸ್ಥಾನ–ವೇಗದ ಚಿತ್ರ ಬಿಡಿಸಿದರೆ ಸುಳಿ ಕಾಣುತ್ತದೆ. ಒಟ್ಟು ಶಕ್ತಿ ಶೇ 1ಕ್ಕಿಂತ ಹೆಚ್ಚು ಸರಿದಿದ್ದರೆ ಕಾಲದ ಹೆಜ್ಜೆ ಅರ್ಧಕ್ಕಿಳಿಸಿ ಮತ್ತೆ ಓಡಿಸಿ.